ಬ್ಯಾಂಕಿಗಷ್ಟೇ ಗೊತ್ತಿದ್ದ ಹೆಸರು

ಮಾರ್ಚ್ 9

ಅಮ್ಮ,

ಮೊದಲೇ ಹೇಳಿಬಿಡುತ್ತೇನೆ, ಈ ಪತ್ರವನ್ನು ಅಪ್ಪನ ಕೈಗೆ ಕೊಡಬೇಡ. ಫೋನಿನಲ್ಲೇ ಹೇಳಬಹುದಿತ್ತು, ಆದರೆ ಅಪ್ಪ ನನ್ನ ಫೋನು ಬಂದ ಕೂಡಲೇ ಅದನ್ನು ಅಂಗಡಿಯ ಕನ್ನಡಿ ಮುಂದಿಟ್ಟು ಸ್ಪೀಕರ್ ಹಾಕುತ್ತಾರೆ. ಹೋದ ಸಲ ನನಗೆ ಕೆಮ್ಮು ಎಂದಿದ್ದಕ್ಕೆ ಕ್ಷೌರಕ್ಕೆ ಕೂತಿದ್ದ ಮೂವರು ಮೂರು ಔಷಧಿ ಹೇಳಿದರು. ಅವರಲ್ಲಿ ಒಬ್ಬರಿಗೆ ಮಾತಾಡುವ ಭರದಲ್ಲಿ ಬಾಯಿಗೆ ಸೋಪಿನ ನೊರೆ ಹೋಯಿತು.

ವಿಷಯಕ್ಕೆ ಬರುತ್ತೇನೆ. ಸೋಮವಾರ ಹದಿನಾಲ್ಕು ಮಹಡಿಯ ಕಟ್ಟಡವೊಂದಕ್ಕೆ ಲಿಫ್ಟ್ ತಪಾಸಣೆಗೆ ಹೋಗಿದ್ದೆ. ನೀನು ಜೇಬು ಹೊಲಿದು ಕಳಿಸಿದ ನೀಲಿ ಕೋಟನ್ನು ಅವತ್ತೇ ಮೊದಲ ಸಲ ಹಾಕಿಕೊಂಡಿದ್ದು. ಬೆಳಗಿನ ಅವಸರದಲ್ಲಿ ಎದೆಯ ಮೇಲೆ ಏನು ಬರೆದಿದೆ ಎಂದು ಯಾರು ನೋಡಿಕೊಳ್ಳುತ್ತಾರೆ? ಬಾಗಿಲಲ್ಲಿ ಕಾವಲುಗಾರ ನನ್ನ ಗುರುತಿನ ಚೀಟಿ ನೋಡಿದ, ಕೋಟು ನೋಡಿದ, ಮತ್ತೆ ಚೀಟಿ ನೋಡಿದ.

"ಈ ಚೀಟೀಲಿರೋರು ಯಾರು?"

"ನಾನೇ."

"ಮತ್ತೆ ಕೋಟಲ್ಲಿರೋರು?"

ಬಗ್ಗಿ ನೋಡಿಕೊಂಡೆ. ನಮ್ಮ ಮನೆತನದ ಹೆಸರು ಇರಬೇಕಾದ ಜಾಗದಲ್ಲಿ ನಿನ್ನ ಅಳಿಯನ ಮನೆತನದ ಹೆಸರು, ನಿನ್ನ ಮುದ್ದಾದ ಕಸೂತಿಯಲ್ಲಿ, ಕೊನೆಗೊಂದು ಪುಟ್ಟ ಹೂವಿನ ಸಮೇತ ಕೂತಿದೆ! "ಅದೂ ನಾನೇ" ಎಂದೆ.

"ಮೇಡಂ, ಒಬ್ಬರಿಗೆ ಮಾತ್ರ ಪಾಸ್ ಇರೋದು. ಇಬ್ಬರಲ್ಲಿ ಯಾರು ಒಳಗೆ ಬರ್ತೀರಿ ಅಂತ ನೀವೇ ನಿರ್ಧಾರ ಮಾಡ್ಕೊಳ್ಳಿ" ಎಂದ ಪುಣ್ಯಾತ್ಮ.

ಅವನು ಅವನ ಮೇಲಿನವರಿಗೆ ಫೋನು ಮಾಡಿ, ಅವರು ನಮ್ಮ ಕಚೇರಿಗೆ ಫೋನು ಮಾಡಿ, ನಾನು ನಾನೇ ಎಂದು ಸಾಬೀತಾಗಲು ನಲವತ್ತು ನಿಮಿಷ ಹಿಡಿಯಿತು. ತಪಾಸಣೆಗೆಂದು ಅಷ್ಟೂ ಹೊತ್ತು ಲಿಫ್ಟ್ ನಿಲ್ಲಿಸಿದ್ದರಿಂದ ಜನ ಮೆಟ್ಟಿಲು ಹತ್ತುತ್ತಾ ನನಗೆ ಹಿಡಿಶಾಪ ಹಾಕಿದರು. ಕಚೇರಿಯಲ್ಲಿ ಈಗ ನಾನು ಬಂದರೆ "ಇವತ್ತು ಯಾರು ಬಂದಿದ್ದು, ಚೀಟಿಯೋರಾ ಕೋಟಿನೋರಾ?" ಎಂದು ಕೇಳುತ್ತಾರೆ.

ಅಮ್ಮ, ಹೆಸರು ಬದಲಾಯಿಸುವ ಬಗ್ಗೆ ನಾನು ಇನ್ನೂ ಯೋಚನೆ ಮಾಡಿಲ್ಲ. ಜೂನ್ ಮೂವತ್ತರೊಳಗೆ ನನ್ನ ಪರವಾನಗಿ ನವೀಕರಿಸಬೇಕು, ಅದರಲ್ಲಿ ಬರೆದ ಹೆಸರು ಹತ್ತು ವರ್ಷ ನಡೆಯುತ್ತದೆ. ಅಲ್ಲಿಯವರೆಗೆ ದಯವಿಟ್ಟು ಸೂಜಿಯನ್ನು ಡಬ್ಬಿಯಲ್ಲೇ ಇಟ್ಟಿರು.

ನಾಲ್ಕು ತಿಂಗಳ ಹೊಸ ಮದುಮಗಳು,
ನಿನ್ನ ಬುಗುರಿ


ಮಾರ್ಚ್ 17

ಬುಗುರಿ,

ನಿನ್ನ ಪತ್ರ ಓದಿ ಆಸ್ಪತ್ರೆಯ ಲಾಂಡ್ರಿಯಲ್ಲಿ ನಾನೂ ಇಸ್ತ್ರಿಯವಳೂ ಹೊಟ್ಟೆ ಹುಣ್ಣಾಗುವಷ್ಟು ನಕ್ಕೆವು. ಆ ಕಾವಲುಗಾರನಿಗೆ ನನ್ನ ನಮಸ್ಕಾರ ತಿಳಿಸು. ಅಂಥವನೊಬ್ಬ ನಮ್ಮಲ್ಲಿದ್ದಿದ್ದರೆ ಆಸ್ಪತ್ರೆಯ ಹಾಸಿಗೆ ಹೊದಿಕೆಗಳಿಗೆ ಕಾಲು ಬರುತ್ತಿರಲಿಲ್ಲ.

ತಪ್ಪು ನನ್ನದೇ. ಜೇಬು ಹೊಲಿಯಲು ಕೂತೆ, ಕೈ ಸುಮ್ಮನಿರಲಿಲ್ಲ. ಮೂವತ್ನಾಲ್ಕು ವರ್ಷದಿಂದ ವೈದ್ಯರ, ದಾದಿಯರ ಕೋಟಿನ ಮೇಲೆ ಹೆಸರು ಹೊಲಿಯುತ್ತಿದ್ದೇನೆ. ಮದುವೆಯಾದ ದಾದಿ ರಜೆ ಮುಗಿಸಿ ಬಂದ ದಿನವೇ ಅವಳ ಕೋಟು ನನ್ನ ಮೇಜಿಗೆ ಬರುತ್ತದೆ. ಹಳೆಯದನ್ನು ಬಿಚ್ಚಿ ಅದೇ ಜಾಗದಲ್ಲಿ ಹೊಸದನ್ನು ಹೊಲಿಯುತ್ತೇನೆ. ಕಾಲು ಗಂಟೆಯ ಕೆಲಸ. ನಾನು ಯಾರನ್ನೂ ಕೇಳಿದವಳಲ್ಲ, ಅವರಲ್ಲಿ ಯಾರೂ ಬೇಡ ಎಂದವರಲ್ಲ. ನಿನ್ನ ಕೋಟು ಕೈಗೆ ಬಂದಾಗಲೂ ಅದೇ ಆಯಿತು.

ಆದರೆ "ಇನ್ನೂ ಯೋಚನೆ ಮಾಡಿಲ್ಲ" ಎಂದು ಬರೆದಿದ್ದೀಯಲ್ಲ, ಅದರಲ್ಲಿ ಯೋಚನೆ ಮಾಡುವುದು ಏನಿದೆ? ನಾನು ಮದುವೆಯಾದ ನಾಲ್ಕನೇ ದಿನ ಕೆಲಸಕ್ಕೆ ಸೇರಲು ಹೋದೆ. ಗುಮಾಸ್ತರು ನಿಮ್ಮಪ್ಪನ ಹೆಸರು ಕೇಳಿ ಅದನ್ನೇ ನನ್ನ ಹೆಸರಿನ ಮುಂದೆ ಬರೆದುಕೊಂಡರು. ಮುಗಿಯಿತು. ಒಂದು ಬೆಳಗ್ಗೆಯ ಮಾತು. ನಿನ್ನ ಅತ್ತೆ ಬಾಯಿ ಬಿಟ್ಟು ಕೇಳುವವರಲ್ಲ, ಬಂಗಾರದಂಥ ಹೆಂಗಸು. ಹಾಗೆಂದು ಅವರ ಮನಸ್ಸಿನಲ್ಲಿ ಇರುವುದಿಲ್ಲವೇ? ನೀನು ಗಂಡನನ್ನು "ಅವನು ಇವನು" ಎಂದು ಕರೆಯುವುದನ್ನೇ ನಾನು ಹೇಗೋ ನುಂಗಿಕೊಂಡಿದ್ದೇನೆ. ಈಗ ಅವರ ಮನೆತನದ ಹೆಸರೂ ಬೇಡವೆಂದರೆ ಆಕೆಗೆ ನಾನು ಯಾವ ಮುಖ ತೋರಿಸಲಿ?

ಅದಿರಲಿ. ಸೂಜಿಯನ್ನು ಡಬ್ಬಿಯಲ್ಲಿಡು ಎಂದಿದ್ದೀಯ. ಸ್ವಲ್ಪ ತಡವಾಯಿತು ಕಣೇ. ಹನ್ನೆರಡು ಟವೆಲು, ಆರು ಹೊದಿಕೆ, ಹನ್ನೆರಡು ದಿಂಬಿನ ಕವರು ಈ ಬೆಳಗ್ಗೆ ಪಾರ್ಸೆಲ್ ಹೋಗಿವೆ. ಎಲ್ಲದರ ಮೇಲೂ ನಿನ್ನ ಹೊಸ ಹೆಸರಿದೆ. ಟವೆಲುಗಳನ್ನು ಮೊದಲ ಸಲ ಬೇರೆಯಾಗಿ ಒಗೆ, ನೀಲಿ ದಾರ ಬಣ್ಣ ಬಿಡಬಹುದು.

ಬೆರಳಿಗೆಲ್ಲ ಸೂಜಿ ಚುಚ್ಚಿಸಿಕೊಂಡಿರುವ,
ನಿನ್ನ ಅಮ್ಮ


ಏಪ್ರಿಲ್ 2

ಅಮ್ಮ,

ಪಾರ್ಸೆಲ್ ಬಂತು. ಇಷ್ಟು ಚೆಂದದ ಕೆಲಸವನ್ನು ನಾನು ಅಂಗಡಿಯಲ್ಲೂ ನೋಡಿಲ್ಲ. ನಿನ್ನ ಅಳಿಯ ಎಲ್ಲವನ್ನೂ ಮಂಚದ ಮೇಲೆ ಹರಡಿಕೊಂಡು ಕೂತ. "ಇದರಲ್ಲಿ ಮೊದಲರ್ಧ ನೀನು, ಉಳಿದರ್ಧ ನಾನು. ಹಾಗಾದ್ರೆ ಒಂದೇ ಟವೆಲು ಇಬ್ಬರಿಗೂ ಆಗುತ್ತೆ" ಎಂದ. ಅವತ್ತಿನಿಂದ ಸ್ನಾನ ಮಾಡಿ ಬಂದು ಟವೆಲಿನ ಒಂದು ತುದಿ ಮಾತ್ರ ಒದ್ದೆ ಮಾಡಿಟ್ಟು "ನಿನ್ನ ಭಾಗ ಮುಟ್ಟಿಲ್ಲ" ಎನ್ನುತ್ತಾನೆ.

ಈಗ ನಾನು ಹೇಳಬೇಕಾದದ್ದು. ಹೋದ ಪತ್ರದಲ್ಲಿ ಯೋಚನೆ ಮಾಡಿಲ್ಲ ಎಂದು ಬರೆದದ್ದು ಸುಳ್ಳು. ಹೆದರಿ ಹಾಗೆ ಬರೆದೆ. ಮದುವೆಗೆ ಮುಂಚೆಯೇ ಯೋಚನೆ ಮಾಡಿ ಆಗಿದೆ. ಅಮ್ಮ, ನಾನು ಹೆಸರು ಬದಲಾಯಿಸುವುದಿಲ್ಲ.

ಕಾರಣ ಕೇಳುತ್ತೀಯ ಎಂದು ಗೊತ್ತು. ಈ ಊರಿನಲ್ಲಿ ಇನ್ನೂರ ಹದಿನಾಲ್ಕು ಲಿಫ್ಟುಗಳ ಒಳಗೆ, ಗುಂಡಿಗಳ ಮೇಲಿನ ಗಾಜಿನಲ್ಲಿ, "ಈ ಲಿಫ್ಟ್ ಸುರಕ್ಷಿತ" ಎಂಬ ಚೀಟಿಯ ಕೆಳಗೆ ನನ್ನ ಹೆಸರಿದೆ. ಲಿಫ್ಟಿನಲ್ಲಿ ಒಬ್ಬರ ಮುಖ ಒಬ್ಬರು ನೋಡಲು ನಾಚಿಕೊಂಡು ಜನ ಅದನ್ನೇ ಓದುತ್ತಾರೆ. ನಿನ್ನ ಅಳಿಯನನ್ನು ನಾನು "ಐದನೇ ಮಹಡಿ" ಎಂದು ಯಾಕೆ ಕರೆಯುತ್ತೇನೆ ಎಂದು ಕೇಳಿದ್ದೆಯಲ್ಲ? ಅವನ ಕನ್ನಡಕದ ಅಂಗಡಿ ಐದನೇ ಮಹಡಿಯಲ್ಲಿ. ಎರಡು ವರ್ಷ ದಿನಕ್ಕೆ ನಾಲ್ಕು ಸಲ ನನ್ನ ಹೆಸರು ಓದಿ ಓದಿ ಅವನಿಗೆ ಬಾಯಿಪಾಠವಾಗಿತ್ತು. ಒಂದು ದಿನ ನಾನು ತಪಾಸಣೆಗೆ ಹೋದಾಗ ಬಾಗಿಲು ತೆರೆದು, ನನ್ನ ಪೂರ್ತಿ ಹೆಸರು ಹೇಳಿ, "ನಿಮ್ಮನ್ನ ನಂಬಿಯೇ ನಾನು ದಿನಾ ಮೇಲೆ ಹೋಗ್ತಾ ಇದ್ದೀನಿ" ಎಂದ. ಅಂಥ ಮಾತಿಗೆ ಯಾರು ತಾನೇ ಕರಗುವುದಿಲ್ಲ ಹೇಳು.

ಆದರೆ ಇದೆಲ್ಲ ಕಾರಣವೂ ಅಲ್ಲ. ಲಿಫ್ಟುಗಳೂ ಐದನೇ ಮಹಡಿಯೂ ಇಲ್ಲದಿದ್ದರೂ ನಾನು ಬದಲಾಯಿಸುತ್ತಿರಲಿಲ್ಲ. ನನಗೆ ಇಷ್ಟ ಇಲ್ಲ. ಅಷ್ಟೇ.

ಮೊನ್ನೆ ಬ್ಯಾಂಕಿಗೆ ಫೋನು ಮಾಡಿದ್ದೆ. ನಾನು ನಾನೇ ಎಂದು ಖಾತ್ರಿ ಮಾಡಿಕೊಳ್ಳಲು ಅವರು ಒಂದು ಗುಟ್ಟಿನ ಪ್ರಶ್ನೆ ಕೇಳುತ್ತಾರೆ: ನಿಮ್ಮ ತಾಯಿಯ ಮದುವೆಗೆ ಮುಂಚಿನ ಹೆಸರು ಏನು? ಪಟ್ಟನೆ ಹೇಳಿದೆ. ಫೋನಿಟ್ಟ ಮೇಲೆ ಯೋಚನೆ ಬಂತು. ಆ ಹೆಸರನ್ನು ನಾನು ಬ್ಯಾಂಕಿನವರಿಗೆ ಬಿಟ್ಟು ಬೇರೆ ಯಾರಿಗೂ ಹೇಳಿದ್ದೇ ಇಲ್ಲ. ಖಾತೆ ತೆರೆಯುವಾಗ ನೀನು ಒಮ್ಮೆ ಹೇಳಿದ್ದು ಬಿಟ್ಟರೆ ಬೇರೆ ಯಾರೂ ಅದನ್ನು ನನಗೆ ಹೇಳಿದ್ದೂ ಇಲ್ಲ. ಅಮ್ಮ, ಅವತ್ತು ಆ ಗುಮಾಸ್ತರು ಬರೆದುಕೊಂಡಾಗ ನಿನಗೆ ಏನೂ ಅನ್ನಿಸಲಿಲ್ಲವೇ?

ಬೈಯುವುದಿದ್ದರೆ ಪತ್ರದಲ್ಲೇ ಬೈ. ಸ್ಪೀಕರ್ ಬೇಡ.

ನಿನ್ನ ಬುಗುರಿ


ಮೇ 6

ಮಗಳಿಗೆ,

ನಿನ್ನ ಪತ್ರ ತಲುಪಿತು. ಇಲ್ಲಿ ಎಲ್ಲರೂ ಕ್ಷೇಮ. ನಿಮ್ಮಪ್ಪನಿಗೆ ನಿಂತು ನಿಂತು ಮಂಡಿ ನೋವು, ಎಣ್ಣೆ ಹಚ್ಚುತ್ತಿದ್ದೇನೆ. ಲಾಂಡ್ರಿಯಲ್ಲಿ ಹೊಸ ಯಂತ್ರ ಬಂದಿದೆ, ವಿಪರೀತ ಸದ್ದು.

ಕೋಟನ್ನೂ ಟವೆಲು ಮುಂತಾದವನ್ನೂ ಹಿಂದಕ್ಕೆ ಕಳಿಸು. ಹೊಲಿಗೆ ಬಿಚ್ಚಿ ಕೊಡುತ್ತೇನೆ. ನಿನ್ನ ಪ್ರಶ್ನೆಗೆ ಉತ್ತರ ಬರೆಯಲು ಈಗ ಪುರಸೊತ್ತಿಲ್ಲ.

ಅಮ್ಮ


ಮೇ 14

ಅಮ್ಮ,

ಒಂದು ತಿಂಗಳು ಕಾಯಿಸಿ ಏಳು ಸಾಲು ಬರೆದಿದ್ದೀಯ. ಅದರಲ್ಲಿ ಒಂದು ಅಪ್ಪನ ಮಂಡಿಗೆ, ಒಂದು ಯಂತ್ರಕ್ಕೆ ಹೋಯಿತು. "ಮಗಳಿಗೆ" ಅಂತೆ! ನಾನು ಯಾವಾಗಿನಿಂದ ನಿನಗೆ ಮಗಳಾದೆ? ಹುಟ್ಟಿದಾಗಿನಿಂದ ಬುಗುರಿಯೇ ಆಗಿದ್ದೆನಲ್ಲ.

ಕೋಟು ಕಳಿಸುವುದಿಲ್ಲ. ಟವೆಲೂ ಕಳಿಸುವುದಿಲ್ಲ. ಒಂದು ಎಳೆ ಬಿಚ್ಚಲೂ ಬಿಡುವುದಿಲ್ಲ. ಅವು ನಮ್ಮ ಮನೆಗೆ ನೀನು ಕೊಟ್ಟದ್ದು, ನಮಗೆ ಅವು ಹಾಗೆಯೇ ಇಷ್ಟ.

ನೀನು ಸಿಟ್ಟು ಮಾಡಿಕೊಂಡರೆ ನನಗೆ ತಡೆಯಲು ಆಗುತ್ತದೆ. ಬೈದರೂ ಆಗುತ್ತದೆ. ಹೀಗೆ ಮಂಡಿ, ಯಂತ್ರ ಎಂದು ಬರೆದರೆ ಆಗುವುದಿಲ್ಲ. ನಿನ್ನೆ ಒಂಬತ್ತನೇ ಮಹಡಿಯಲ್ಲಿ ಲಿಫ್ಟಿನ ಮೇಲೆ ನಿಂತು ಹಗ್ಗ ಪರೀಕ್ಷೆ ಮಾಡುವಾಗಲೂ ನಿನ್ನ ಪತ್ರವೇ ತಲೆಯಲ್ಲಿ. ಜೊತೆಗಿದ್ದ ಮೆಕ್ಯಾನಿಕ್ "ಇವತ್ತು ನೀವು ಕೆಳಗೆ ಕೂತ್ಕೊಳ್ಳಿ, ಕಣ್ಣಲ್ಲಿ ನೀರಿಟ್ಕೊಂಡು ಮೇಲೆ ನಿಲ್ಲೋ ಕೆಲಸ ಅಲ್ಲ ಇದು" ಎಂದು ಗದರಿಸಿ ಇಳಿಸಿದರು.

ಪರವಾನಗಿಯ ಅರ್ಜಿ ಮೇಜಿನ ಖಾನೆಯಲ್ಲಿದೆ. ಹೆಸರಿನ ಜಾಗ ಖಾಲಿ ಬಿಟ್ಟಿದ್ದೇನೆ. ಇದರಿಂದ ನೀನೂ ನಾನೂ ಮಾತು ಬಿಡುವ ಹಾಗಾದರೆ ನನಗೆ ಆ ಹೆಸರು ಬೇಡ. ನೀನು ಬದಲಾಯಿಸು ಎಂದು ಇನ್ನೊಂದು ಸಲ ಬರೆ, ಬದಲಾಯಿಸುತ್ತೇನೆ. ಸಂತೋಷವಾಗಿ ಮಾಡುತ್ತೇನೆ ಎಂದು ಸುಳ್ಳು ಹೇಳುವುದಿಲ್ಲ, ಆದರೆ ಮಾಡುತ್ತೇನೆ. ಜೂನ್ ಮೂವತ್ತರವರೆಗೆ ಕಾಯುತ್ತೇನೆ.

ಬುಗುರಿ (ಮಗಳಲ್ಲ)


ಜೂನ್ 11

ನನ್ನ ಬುಗುರಿ,

ಲಿಫ್ಟಿನ ಮೇಲೆ ನಿಂತು ಅಳುವುದು ಎಂಥ ಹುಚ್ಚಾಟ? ಆ ಮೆಕ್ಯಾನಿಕ್ ಒಳ್ಳೆಯವರು, ಬೈದದ್ದು ಒಳ್ಳೆಯದಾಯಿತು. ನಾನಾಗಿದ್ದರೆ ಎರಡು ಕೊಡುತ್ತಿದ್ದೆ.

ನನಗೆ ಸಿಟ್ಟು ಬಂದಿದ್ದು ನಿಜ. ನಿನ್ನ ಮೇಲೆ ಎಂದುಕೊಂಡಿದ್ದೆ. ಎರಡು ತಿಂಗಳು ಅದನ್ನು ತಿರುಗಿಸಿ ಮುರುಗಿಸಿ ನೋಡಿದ ಮೇಲೆ ನಿನ್ನ ಮೇಲಲ್ಲ ಎಂದು ಗೊತ್ತಾಯಿತು. ನೀನು "ನನಗೆ ಇಷ್ಟ ಇಲ್ಲ, ಅಷ್ಟೇ" ಎಂದು ಬರೆದೆಯಲ್ಲ, ಹಾಗೆ ಹೇಳಬಹುದು ಎಂಬುದೇ ನನಗೆ ಹೊಳೆದಿರಲಿಲ್ಲ. ಹೊಟ್ಟೆ ಉರಿಯಿತು ಕಣೇ. ಹೆತ್ತ ಮಗಳ ಮೇಲೆ ಹೊಟ್ಟೆಕಿಚ್ಚು! ನೀನು ಬೇಡ ಎಂದ ಕೂಡಲೇ ನಾನು ಯಾಕೆ ಹೂಂ ಅಂದೆ ಎಂಬ ಪ್ರಶ್ನೆ ಎದ್ದು ಕೂತಿತು. ನೀನೂ ನನ್ನ ಹಾಗೇ ಬದಲಾಯಿಸಿಕೊಂಡಿದ್ದರೆ ಅದು ಮಲಗಿಯೇ ಇರುತ್ತಿತ್ತು. ಅದಕ್ಕೇ ಅಷ್ಟು ಹಟ ಮಾಡಿದೆ.

ನಿನಗೆ ಏಳು ವರ್ಷವಾಗಿದ್ದಾಗ ಈಜು ತರಗತಿಗೆ ಸೇರಿಸಲು ಊರ ಈಜುಕೊಳಕ್ಕೆ ಕರೆದುಕೊಂಡು ಹೋಗಿದ್ದೆ. ಒಳಗೆ ಹೋಗುವ ದಾರಿಯಲ್ಲಿ ಗೋಡೆಯ ಮೇಲೆ ಗೆದ್ದ ಹುಡುಗಿಯರ ಮನೆತನದ ಹೆಸರಿನ ಹಲಗೆ ಇತ್ತು. ನಿನಗೆ ಆಗ ತಾನೇ ಓದಲು ಬಂದಿತ್ತು, ಕಂಡದ್ದನ್ನೆಲ್ಲ ಗಟ್ಟಿಯಾಗಿ ಓದುತ್ತಿದ್ದೆ. ಅದನ್ನೂ ಓದಿದೆ. "ಅಮ್ಮ, ಇವಳ್ಯಾರು, ನಾಲ್ಕು ಸಲ ಬಂದಿದ್ದಾಳೆ?" ಎಂದು ಕೇಳಿದೆ. ನಿನಗೆ ನನ್ನ ಮೊದಲಿನ ಹೆಸರು ಆಗ ಗೊತ್ತಿರಲಿಲ್ಲ. "ಯಾರೋ ಒಬ್ಬಳು ಹುಡುಗಿ, ನೀರಿಗಿಳಿ" ಎಂದೆ.

ಆ ಯಾರೋ ಒಬ್ಬಳು ನಾನು. ನಾಲ್ಕು ವರ್ಷ ಒಂದೇ ಸಮನೆ ಗೆದ್ದಿದ್ದೆ. ಐದನೇ ವರ್ಷ ಮದುವೆಯಾಯಿತು.

ಯಾರೂ ನನ್ನನ್ನು ಬಲವಂತ ಮಾಡಲಿಲ್ಲ. ನಿಮ್ಮಪ್ಪನಂತೂ ಪಾಪ, ನಾನು ಕಲ್ಲು ಬೇಯಿಸಿ ಹಾಕಿದರೂ ಚೆನ್ನಾಗಿದೆ ಎನ್ನುವ ಮನುಷ್ಯ. ಆ ಗುಮಾಸ್ತರು ಬರೆದುಕೊಂಡಾಗ ನನಗೆ ನಾಚಿಕೆಯೂ ಆಯಿತು, ಹೆಮ್ಮೆಯೂ ಆಯಿತು, ಅದನ್ನು ಸುಳ್ಳು ಮಾಡಲಾರೆ. ಆದರೆ ಹೊರಗೆ ಬಂದ ಮೇಲೆ ಆ ಹಲಗೆಯ ನೆನಪಾಯಿತು. ಇನ್ನು ಮುಂದೆ ಅದನ್ನು ತೋರಿಸಿ "ಇದು ನಾನು" ಎಂದರೆ ಜನ ನಂಬುವುದಿಲ್ಲವಲ್ಲ ಎಂದುಕೊಂಡೆ. ಆಮೇಲೆ ಕೆಲಸ, ನೀನು, ಮನೆ. ಮತ್ತೆ ನೀರಿಗೆ ಇಳಿಯಲೇ ಇಲ್ಲ. ನಿನ್ನನ್ನು ಈಜಿಗೆ ಬಿಟ್ಟು ಚಪ್ಪಲಿ ಕಾಯುತ್ತಾ ಕೂತಿರುತ್ತಿದ್ದೆ.

ಅರ್ಜಿಯಲ್ಲಿ ನಿನ್ನ ಹೆಸರು ಬರೆ. ನೀನು ಹುಟ್ಟಿದಾಗಿನಿಂದ ಇರುವ ಹೆಸರು. ನನಗೋಸ್ಕರ ಬದಲಾಯಿಸಿದರೆ ಆ ಕಚೇರಿಗೇ ಬಂದು ನಿನ್ನ ಕಿವಿ ಹಿಂಡುತ್ತೇನೆ.

ಇನ್ನೊಂದು ವಿಷಯ, ನಗಬೇಡ. ಮೊನ್ನೆ ಇಸ್ತ್ರಿಯವಳ ಜೊತೆ ಈಜುಕೊಳಕ್ಕೆ ಹೋಗಿದ್ದೆ. ಹಲಗೆ ಇನ್ನೂ ಇದೆ, ಸ್ವಲ್ಪ ಬಣ್ಣ ಎದ್ದಿದೆ. ಈಜುಡುಗೆ ಕೊಂಡೆ. ಅದರೊಳಗೆ ಇಳಿಯಲು ನಾನೂ ಇಸ್ತ್ರಿಯವಳೂ ಸೇರಿ ಇಪ್ಪತ್ತು ನಿಮಿಷ ಯುದ್ಧ ಮಾಡಿದೆವು. ನೀರಿಗೆ ಬಿದ್ದ ಮೇಲೆ ಕೈಕಾಲು ತಾವೇ ಹೊರಟವು ಬುಗುರಿ! ಒಂದು ಸುತ್ತು ಹೋಗಿ ಬಂದು ಅಂಚು ಹಿಡಿದುಕೊಂಡು ಅತ್ತೆ. ಈಜಿನ ಕನ್ನಡಕ ಹಾಕಿದ್ದರಿಂದ ಯಾರಿಗೂ ಗೊತ್ತಾಗಲಿಲ್ಲ.

ನಿನ್ನ ಅಮ್ಮ, ಮತ್ತು ಆ ಯಾರೋ ಒಬ್ಬಳು ಹುಡುಗಿ


ಜುಲೈ 3

ಅಮ್ಮ ಅಮ್ಮ ಅಮ್ಮ,

ನಾಲ್ಕು ಸಲ! ನಿನ್ನ ಪತ್ರವನ್ನು ನಾನು ಐದನೇ ಮಹಡಿಗೆ ಓದಿ ಹೇಳಿದೆ, ಅವನು ಅವನಮ್ಮನಿಗೆ ಓದಿ ಹೇಳಿದ. ಕ್ಷಮಿಸು, ನಮ್ಮಲ್ಲೂ ಒಂದು ಸ್ಪೀಕರ್ ಇದೆ. ಏಳು ವರ್ಷದ ನನಗೆ ಎರಡು ಬಿಗಿಯಬೇಕು ಎನ್ನಿಸುತ್ತಿದೆ. ಯಾರೋ ಹುಡುಗಿ ಎಂದ ಕೂಡಲೇ ನಂಬಿಬಿಟ್ಟೆನಲ್ಲ.

ಜೂನ್ ಮೂವತ್ತಕ್ಕೇ ಅರ್ಜಿ ಕೊಟ್ಟು ಬಂದೆ. ಕಿಟಕಿಯ ಹಿಂದಿದ್ದ ಹೆಂಗಸು ಎರಡು ಸಲ ಓದಿದರು. "ಮದುವೆಯಾಗಿದೆ ಅಂತ ಬರೆದಿದ್ದೀರಿ, ಹೆಸರು ಹಳೇದೇ ಇದೆ. ಮರೆತ್ರಾ?" ಎಂದರು.

"ಇಲ್ಲ ಮೇಡಂ, ನೆನಪಿಟ್ಕೊಂಡೇ ಬರೆದಿದ್ದೀನಿ."

ಅವರು ಕನ್ನಡಕದ ಮೇಲಿಂದ ಒಂದು ನಿಮಿಷ ನೋಡಿ ಮುದ್ರೆ ಒತ್ತಿದರು. ಆ ಸದ್ದಿಗೆ ನನಗೆ ಕುಣಿಯಬೇಕು ಎನ್ನಿಸಿತು. ಹೊರಗೆ ನಿಂತಿದ್ದ ಐದನೇ ಮಹಡಿ ನನ್ನ ಪೂರ್ತಿ ಹೆಸರು ಕೂಗಿ ಅಭಿನಂದನೆ ಹೇಳಿದ, ಸರದಿಯಲ್ಲಿದ್ದವರೆಲ್ಲ ಏನೋ ದೊಡ್ಡ ಹುದ್ದೆ ಸಿಕ್ಕಿರಬೇಕು ಎಂದು ಚಪ್ಪಾಳೆ ತಟ್ಟಿದರು.

ನೀನು ಯಾವ ಮುಖ ತೋರಿಸಲಿ ಎಂದು ಹೆದರಿದ್ದೆಯಲ್ಲ, ಅತ್ತೆ ಏನೆಂದರು ಗೊತ್ತೇ? "ನಿಮ್ಮಮ್ಮ ನನಗೂ ಒಂದು ದಿಂಬಿನ ಕವರು ಹೊಲಿದುಕೊಡ್ತಾರಾ? ನನ್ನ ಮೊದಲಿನ ಹೆಸರಲ್ಲಿ. ಯಾರಿಗೂ ತೋರಿಸಲ್ಲ, ಮಲಗೋವಾಗ ಹಾಕ್ಕೊಳ್ತೀನಿ" ಎಂದರು. ಅವರ ಹೆಸರನ್ನು ಚೀಟಿಯಲ್ಲಿ ಬರೆದು ಇದರ ಜೊತೆ ಇಟ್ಟಿದ್ದೇನೆ.

ಈಜುಕೊಳದಲ್ಲಿ ಐವತ್ತು ದಾಟಿದ ಹೆಂಗಸರಿಗೆ ಅಕ್ಟೋಬರಿನಲ್ಲಿ ಪಂದ್ಯವಿದೆಯಂತೆ. ಇಸ್ತ್ರಿಯವರು ನನಗೆ ಫೋನು ಮಾಡಿ ಹೇಳಿದರು, ನೀನು ಬಾಯಿ ಬಿಟ್ಟಿಲ್ಲ. ಹೆಸರು ಕೊಡು ಅಮ್ಮ. ಯಾವ ಹೆಸರು ಎಂದು ನಾನು ಹೇಳುವುದಿಲ್ಲ.

ಹತ್ತು ವರ್ಷಕ್ಕೆ ಪಕ್ಕಾ ಆದ,
ನಿನ್ನ ಬುಗುರಿ


ಸೆಪ್ಟೆಂಬರ್ 20

ಬುಗುರಿ,

ನಿನ್ನ ಅತ್ತೆಯ ದಿಂಬಿನ ಕವರು ಕಳಿಸಿದ್ದೇನೆ, ಅಂಚಿಗೆ ಬಳ್ಳಿ ಹಾಕಿದ್ದೇನೆ. ಆಕೆಯ ಹೆಸರು ಎಷ್ಟು ಚೆಂದ ಇದೆ! ಹೊಲಿಯುವಾಗ ಬಾಯಲ್ಲಿ ಹೇಳಿಕೊಂಡೇ ಹೊಲಿದೆ.

ನಾನು ಈಗ ಬೆಳಗ್ಗೆ ಆರಕ್ಕೆ ನೀರಿನಲ್ಲಿರುತ್ತೇನೆ. ಮೊದಲ ವಾರ ಭುಜ ಎತ್ತಲಾಗದೆ ನಿಮ್ಮಪ್ಪನೇ ನನ್ನ ತಲೆ ಬಾಚಿದರು. ಈಗ ಎರಡು ಸುತ್ತು ಉಸಿರು ಕಟ್ಟದೆ ಹೋಗಿ ಬರುತ್ತೇನೆ. ಇಸ್ತ್ರಿಯವಳು ದಡದಲ್ಲಿ ಗಡಿಯಾರ ಹಿಡಿದು "ಅಕ್ಕಾ, ನಿನ್ನೆಗಿಂತ ಮೂರು ಸೆಕೆಂಡ್ ಕಮ್ಮಿ!" ಎಂದು ಕಿರುಚುತ್ತಾಳೆ. ಕಮ್ಮಿಯಾದರೆ ಒಳ್ಳೆಯದು ಎಂದು ಅವಳಿಗೆ ಅರ್ಥ ಮಾಡಿಸಲು ನಾಲ್ಕು ದಿನ ಬೇಕಾಯಿತು, ಮೊದಲೆಲ್ಲ ಸಮಾಧಾನ ಹೇಳುತ್ತಿದ್ದಳು.

ಪಂದ್ಯಕ್ಕೆ ಹೆಸರು ಕೊಟ್ಟೆ. ಪೆನ್ನು ಹಿಡಿದು ಎಷ್ಟು ಹೊತ್ತು ನಿಂತಿದ್ದೆ ಎಂದರೆ ಹಿಂದಿದ್ದವರು ಓದು ಬರಹ ಬರದೇನೋ ಎಂದು ಸಹಾಯಕ್ಕೆ ಬಂದರು. ಮೊದಲಿನ ಹೆಸರನ್ನೇ ಬರೆದೆ. ಹಲಗೆಯಲ್ಲಿ ಇರುವ ಹೆಸರು.

ಮನೆಗೆ ಬಂದು ನಿಮ್ಮಪ್ಪನಿಗೆ ಹೇಳಿದೆ. ಕತ್ತರಿಗೆ ಎಣ್ಣೆ ಬಿಡುತ್ತಿದ್ದರು. ಎಣ್ಣೆ ಬಿಟ್ಟರು, ಒರೆಸಿದರು, ಮತ್ತೆ ಬಿಟ್ಟರು. ಕೊನೆಗೆ "ನನ್ನ ಹೆಸರು ಏನು ಮಾಡ್ತಂತೆ ನಿನಗೆ?" ಎಂದರು. ಆಮೇಲೆ ಮೂರು ದಿನ ಮಾತಿಲ್ಲ. ಅಂಗಡಿಯಲ್ಲೂ ಮಾತಿಲ್ಲವಂತೆ, ಗಿರಾಕಿಗಳು ಹೆದರಿ ಆರೋಗ್ಯ ವಿಚಾರಿಸಲು ಮನೆಗೆ ಬಂದರು.

ನಾಲ್ಕನೇ ದಿನ ನಾನೇ ಹೋಗಿ ಎದುರಿಗೆ ಕೂತೆ. "ನೋಡಿ, ಮೂವತ್ನಾಲ್ಕು ವರ್ಷ ನಿಮ್ಮ ಹೆಸರಲ್ಲಿ ಇದ್ದೀನಿ, ಮುಂದೆನೂ ಇರ್ತೀನಿ. ನೀರಲ್ಲಿ ಇರೋದು ಎರಡು ನಿಮಿಷ. ಆ ಎರಡು ನಿಮಿಷ ನನಗೆ ಕೊಡಿ" ಎಂದೆ. ಪಂದ್ಯ ಭಾನುವಾರ, ಅಂಗಡಿಗೆ ಜನ ಜಾಸ್ತಿ ಬರುವ ದಿನ, ಬರಲಾಗುವುದಿಲ್ಲ ಎಂದು ಮಾತ್ರ ಹೇಳಿದರು. ಬೇಜಾರಾಯಿತು. ಆದರೂ ಹೆಸರು ತೆಗೆಸಲಿಲ್ಲ. ಈ ಸಲ ತೆಗೆಸುವುದಿಲ್ಲ.

ನಿನಗೂ ಬರಲಾಗುವುದಿಲ್ಲ ಎಂದು ಗೊತ್ತು. ಅವತ್ತು ನಿಮ್ಮೂರ ಆಸ್ಪತ್ರೆಯ ಲಿಫ್ಟಿನ ತಪಾಸಣೆ ಇದೆ ಎಂದಿದ್ದೆಯಲ್ಲ, ಅದನ್ನು ಮುಂದೂಡಬೇಡ, ರೋಗಿಗಳು ಕಾಯುವುದು ಬೇಡ. ಬೇರೆ ಯಾರೂ ಬರದಿದ್ದರೂ ಇಸ್ತ್ರಿಯವಳು ಇರುತ್ತಾಳೆ.

ಮೂರು ಸೆಕೆಂಡ್ ಕಮ್ಮಿಯಾದ,
ನಿನ್ನ ಅಮ್ಮ


ಅಕ್ಟೋಬರ್ 14

ಮಗಳೇ,

ನಾನು ನಿನಗೆ ಬರೆಯುತ್ತಿರುವ ಮೊದಲ ಪತ್ರ ಇದು. ಅಕ್ಷರ ನೋಡಿ ನಗಬೇಡ, ಕತ್ತರಿ ಹಿಡಿದ ಕೈ. ನಿಮ್ಮಮ್ಮ ತಾನೇ ಬರೆಯುತ್ತೇನೆ ಎಂದಳು. ಇದನ್ನು ನಾನೇ ಹೇಳಬೇಕು ಎಂದು ಪೆನ್ನು ಕಿತ್ತುಕೊಂಡೆ.

ಬರುವುದಿಲ್ಲ ಎಂದಿದ್ದೆ ನಿಜ. ಭಾನುವಾರ ಬೆಳಗ್ಗೆ ಅಂಗಡಿ ತೆಗೆದೆ, ಒಬ್ಬರಿಗೆ ಅರ್ಧ ಗಡ್ಡ ತೆಗೆದೆ. ಕೈ ಓಡಲಿಲ್ಲ. ಆ ಗಡ್ಡದವರು ನಮ್ಮ ಹಳೆಯ ಗಿರಾಕಿ, ಅಂಚೆಯವರು, ಅವರು ಕನ್ನಡಿಯಲ್ಲಿ ನನ್ನ ಮುಖ ನೋಡಿ "ಹೋಗೋಣ ನಡೀರಿ, ನಮಗೂ ನೋಡಬೇಕು" ಎಂದರು. ಬಾಗಿಲು ಎಳೆದುಕೊಂಡೆ. ಕಾಯುತ್ತಿದ್ದ ಎಂಟು ಜನ, ಅರ್ಧ ಗಡ್ಡದವರು, ನಾನು, ಎಲ್ಲರೂ ಹೋಗಿ ಹಿಂದಿನ ಸಾಲಿನಲ್ಲಿ ಕೂತೆವು. ನಿಮ್ಮಮ್ಮನಿಗೆ ಕಾಣಿಸಲಿಲ್ಲ.

ಮೈಕಿನವರು ಒಂದೊಂದೇ ಮನೆತನದ ಹೆಸರು ಕರೆದರು. ಕರೆದವರು ಹೋಗಿ ನೀರಿನ ಅಂಚಿನಲ್ಲಿ ನಿಂತರು. ಐದನೆಯದು ನಿಮ್ಮಮ್ಮನದು. ಕರೆದರು. ಮಹಾರಾಯಿತಿ ಬೆಂಚಿನ ಮೇಲೆ ಕೂತು ತಲೆಗೆ ಟೋಪಿ ಎಳೆದುಕೊಳ್ಳುತ್ತಿದ್ದಾಳೆ! ಎರಡನೇ ಸಲ ಕರೆದರು. ಅತ್ತಿತ್ತ ನೋಡಿದಳು, ಪಕ್ಕದವರಿಗೆ ಏನೋ ಹೇಳಿದಳು. ಆಮೇಲೆ ಕೇಳಿದ್ದಕ್ಕೆ "ಪಾಪ, ಯಾರೋ ಬಂದಿಲ್ಲ ಅನ್ಸುತ್ತೆ ಅಂದೆ" ಎಂದಳು. ಮೂವತ್ನಾಲ್ಕು ವರ್ಷ ಯಾರೂ ಕರೆಯದ ಹೆಸರು, ಅವಳ ಕಿವಿಗೂ ಮರೆತುಹೋಗಿತ್ತು. ನೋಡಿದರೆ ಇಸ್ತ್ರಿಯವಳು ಎಲ್ಲೋ ನೀರು ತರಲು ಹೋಗಿದ್ದಾಳೆ. ಮೂರನೇ ಸಲ ಕರೆದು, ಬರದಿದ್ದರೆ ಬಿಟ್ಟು ಶುರು ಮಾಡುತ್ತೇವೆ ಎಂದರು.

ನಿನ್ನ ಹತ್ತಿರ ಮುಚ್ಚಿಡುವುದಿಲ್ಲ. ನಾನು ಸುಮ್ಮನೆ ಕೂತಿದ್ದರೆ ಸಾಕಿತ್ತು. ಮೂರು ವಾರದಿಂದ ಒಳಗೊಳಗೇ ಬಯಸುತ್ತಿದ್ದುದೂ ಅದನ್ನೇ. ಆ ಹೆಸರು ಹಿಡಿದುಕೊಂಡು ಅವಳು ಎಲ್ಲಿ ನನ್ನಿಂದ ಆಚೆ ಹೋಗಿಬಿಡುತ್ತಾಳೋ ಎಂಬ ಹುಚ್ಚು ಹೆದರಿಕೆ ನನಗೆ. ಆದರೆ ಅವಳು ಆ ಬಾರದ ಹೆಂಗಸಿಗಾಗಿ ಬಾಗಿಲ ಕಡೆ ಕತ್ತು ಚಾಚಿ ನೋಡುತ್ತಿದ್ದಳಲ್ಲ, ಅದನ್ನು ಕಂಡು ನನಗೆ ಕೂತಿರಲಾಗಲಿಲ್ಲ. ಬೆಂಚಿನ ಮೇಲೆ ಹತ್ತಿ ನಿಂತೆ. ಮಂಡಿ ನೋವು ಮರೆತೇ ಹೋಯಿತು. ಅವಳ ಹೆಸರನ್ನು, ಆ ಹೆಸರನ್ನು, ಪೂರ್ತಿಯಾಗಿ ಕೂಗಿದೆ.

"ಇವಳೇ", "ಕೇಳಿಸ್ತಾ", "ಬುಗುರಿ ಅಮ್ಮ" ಎಂದೇ ಕರೆದ ಬಾಯಿ ಇದು. ಆ ಹೆಸರನ್ನು ನಾನು ಕಡೆಯ ಸಲ ಓದಿದ್ದು ನಮ್ಮ ಲಗ್ನಪತ್ರಿಕೆಯಲ್ಲಿ, ಕರೆದದ್ದಂತೂ ಇದೇ ಮೊದಲು. ಮೈಕಿಗೆ ಮೂರು ಸಲವೂ ಏಳದವಳು ನನ್ನ ಒಂದು ಕೂಗಿಗೆ ಎದ್ದು ನಿಂತಳು. ತಿರುಗಿ ನನ್ನನ್ನೇ ನೋಡಿದಳು ಮಗಳೇ. ಅರ್ಧ ಗಡ್ಡದವರು, ಅಂಗಡಿಯ ಎಂಟು ಜನ, ಎಲ್ಲರೂ ಅದೇ ಹೆಸರು ಹಿಡಿದು ಕಟ್ಟಡ ಹಾರಿಹೋಗುವ ಹಾಗೆ ಕೂಗಿದರು. ನಗುತ್ತಾ ಓಡಿಹೋಗಿ ಸಾಲಿನಲ್ಲಿ ನಿಂತಳು.

ಐದು ಜನರಲ್ಲಿ ನಾಲ್ಕನೆಯವಳಾಗಿ ಬಂದಳು. ಐದನೆಯವರಿಗೆ ಎಪ್ಪತ್ತಾರು ವರ್ಷ, ಅವರು ಮಧ್ಯದಲ್ಲಿ ನಿಂತು ಮೊಮ್ಮಕ್ಕಳಿಗೆ ಕೈ ಬೀಸಿದ್ದರಿಂದ ಹಿಂದೆ ಬಿದ್ದರು ಎಂದು ಜನ ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ನಿಮ್ಮಮ್ಮ ಗೆದ್ದಳು ಎಂದೇ ಅಂಗಡಿಯಲ್ಲಿ ಹೇಳಿದ್ದೇನೆ.

ಮನೆಗೆ ಬಂದು ಒದ್ದೆ ಕೂದಲು ಒರೆಸಿಕೊಳ್ಳುತ್ತಾ "ಇನ್ನೊಂದ್ಸಲ ಕರೀರಿ" ಎಂದಳು. ಕರೆದೆ. "ಇಷ್ಟು ಮೆಲ್ಲಗಲ್ಲ, ಅಲ್ಲಿ ಕೂಗಿದ ಹಾಗೆ" ಎಂದಳು. ಕಿಟಕಿ ತೆಗೆದು ಬೀದಿಗೆಲ್ಲ ಕೇಳುವ ಹಾಗೆ ಕೂಗಿದೆ. ಎದುರು ಮನೆಯವರು ಗಾಬರಿಯಿಂದ ಹೊರಗೆ ಬಂದು "ಯಾರನ್ನ ಹುಡುಕ್ತಾ ಇದ್ದೀರಿ?" ಎಂದು ಕೇಳಿದರು.

"ಸಿಕ್ಕಿದ್ಲು ಬಿಡಿ," ಎಂದೆ, "ನಮ್ಮನೇಲೇ ಇದ್ಲು."

ಸ್ಪೀಕರ್ ಹಾಕದೆ ಬರೆದ,
ನಿನ್ನ ಅಪ್ಪ